ಆನಿಮೇಷನ್ ಎಲ್ಲ ಮಕ್ಕಳ ಆಟಿಕೆಯೇ?

ಆನಿಮೇಷನ್ ಎಂಬುದು ಕೇವಲ ಶಿಶುವಿನೋದದ ಸಾಧನವಾದುದರಿಂದ ಅದರಲ್ಲಿ ರಕ್ತಪಾತಕ್ಕೆ ಎಡೆಯಿಲ್ಲವೆಂದೂ, 2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ ಆನಿಮೇಷನ್ ಚಿತ್ರವು ನಮ್ಮ ದೇವರಿಗೆ ಅಮೆರಿಕದ ಸೂಪರ್‌ಹೀರೋಗಳ ವೇಷವನ್ನು ತೊಡಿಸಿದೆಯೆಂದೂ ಕಳೆದ ಸಂಚಿಕೆಯಲ್ಲಿ ವಾದಿಸಿರುವ ಮಾನ್ಯ ಲೇಖಕರು, ಹುಬ್ಬಳ್ಳಿ-ಧಾರವಾಡದ ಸುತ್ತಣ ಹಳ್ಳಿಗಳಲ್ಲಿ ಇರುಳಿಡೀ ನಡೆಯುವ ದೊಡ್ಡಾಟವನ್ನು ಒಮ್ಮೆಯಾದರೂ ಕಂಡಿರುವರೋ ಇಲ್ಲವೋ ಎಂಬ ಸಂದೇಹ ನನಗುಂಟು. ಕಿರೀಟ, ಭುಜಕೀರ್ತಿಗಳನ್ನು ಧರಿಸಿ, ಅಟ್ಟವೇ ನಡುಗುವಂತೆ ಹೆಜ್ಜೆಯಿಕ್ಕಿ ಅಬ್ಬರಿಸುವ ರಾಕ್ಷಸನನ್ನು ಅಜ್ಜಿಯ ತೊಡೆಯ ಮೇಲೆ ಕುಳಿತು ನೋಡಿ ಬೆಳೆದವರಿಗೆ ಅತಿಮಾನುಷ ಪರಾಕ್ರಮದ ಪಾಠವನ್ನು ಹೇಳಲು ಹಾಲಿವುಡ್ ಬರಬೇಕಾಗಿರಲಿಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರರ ಹಿರಣ್ಯಕಶಿಪುವನ್ನೂ ಬಾಲಕ ಪುನೀತನ ಪ್ರಹ್ಲಾದನನ್ನೂ ಮಕ್ಕಳುಮರಿಗಳೊಡನೆ ಕುಳಿತು ನೋಡಿದ ಮನೆತನಗಳು ನಮ್ಮಲ್ಲಿ ಎಷ್ಟಿಲ್ಲ!

‘ಮಹಾವತಾರ ನರಸಿಂಹ’ದ ದೋಷವಿರುವುದು ಬೇರೆಡೆ. ನಿರ್ದೇಶಕ ಅಶ್ವಿನ್ ಕುಮಾರರು ವರಾಹನ ವೃತ್ತಾಂತವನ್ನೂ ಸೇರಿಸಿಕೊಂಡು ಯುದ್ಧದ ಮೇಲೆ ಯುದ್ಧವನ್ನು ಪೇರಿಸಿದುದರಿಂದ, ತಂದೆಯೇ ಮಗನನ್ನು ಕೊಲ್ಲಿಸಲೆಳಸುವ ದಾರುಣತೆಯು (ಕಥೆಯ ಜೀವಾಳವೇ ಅದಲ್ಲವೆ?) ಗದ್ದಲದಲ್ಲಿ ಮುಳುಗಿಹೋಗಿದೆ. ಲೇಖಕರು ಇದನ್ನು ಖಂಡಿಸಿದ್ದರೆ ನಾನೂ ದನಿಗೂಡಿಸುತ್ತಿದ್ದೆನು. ಬೆಂಗಳೂರಿನ ಹೊಂಬಾಳೆ ಸಂಸ್ಥೆಯು ಪ್ರಸ್ತುತಪಡಿಸಿ, ಕನ್ನಡದಲ್ಲಿಯೂ ಬಂದಿರುವ ಈ ಚಿತ್ರವನ್ನು ಅವರು ಕನ್ನಡದಲ್ಲಿಯೇ ಇನ್ನೊಮ್ಮೆ ನೋಡಿ, ಅನಂತರ ಬರೆಯಲಿ.