ನಾಯಿಮರಿಗೆ ಟಾನಿಕ್ ಬೇಕೇ?

ಮಕ್ಕಳ ಹಟಕ್ಕೆ ಮಣಿದು ಮನೆಗೆ ನಾಯಿಮರಿ ತಂದವರು ಮೊದಲು ಕೇಳುವುದು, ‘ಇದಕ್ಕೆ ಯಾವ ಟಾನಿಕ್ ಹಾಕಬೇಕು?’ ಎಂದು. ಆದರೆ ಮೊದಲು ನೋಡಬೇಕಾದುದು ಅದರ ತಟ್ಟೆಗೆ ದಿನವೂ ಏನು ಬೀಳುತ್ತಿದೆ ಎಂಬುದನ್ನು.

ಜೀವಸತ್ವ ಮತ್ತು ಖನಿಜಗಳ ಮಹತ್ವವನ್ನು ಮನುಷ್ಯ ಅರಿತದ್ದರಲ್ಲಿ ನಾಯಿಗಳ ಪಾಲೂ ಇದೆ. ಇಂಗ್ಲೆಂಡಿನ ವಿಜ್ಞಾನಿ ಎಡ್ವರ್ಡ್ ಮೆಲನ್‌ಬಿ 1918-19ರ ಸುಮಾರಿಗೆ ನಾಯಿಮರಿಗಳನ್ನು ಒಳಗೇ ಇಟ್ಟು ಓಟ್ಸ್ ಗಂಜಿಯಂಥ ಆಹಾರ ಕೊಟ್ಟರು. ಅವುಗಳ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಯಿತು. ಮಕ್ಕಳನ್ನು ಕಾಡುವ ರಿಕೆಟ್ಸ್ ರೋಗವೇ ಅದು. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟ ಮರಿಗಳಿಗೆ ರೋಗ ತಟ್ಟಲಿಲ್ಲ. ಆ ಎಣ್ಣೆಯಲ್ಲಿದ್ದ ಅಂಶವೇ ಮುಂದೆ 1922ರಲ್ಲಿ ‘ಡಿ’ ಜೀವಸತ್ವ ಎನಿಸಿತು.

ನಮಗೂ ನಾಯಿಗೂ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಬಿಸಿಲು ಬಿದ್ದರೆ ನಮ್ಮ ಚರ್ಮ ‘ಡಿ’ ಜೀವಸತ್ವ ತಯಾರಿಸುತ್ತದೆ. ನಾಯಿಯ ಚರ್ಮಕ್ಕೆ ಬೇಕಾದಷ್ಟು ತಯಾರಿಸುವ ಶಕ್ತಿ ಇಲ್ಲ. ಅಂಗಳದಲ್ಲಿ ದಿನವಿಡೀ ಬಿಸಿಲು ಕಾಯಿಸಿದರೂ ಅದು ಆಹಾರದಿಂದಲೇ ಬರಬೇಕು. ಮೊಟ್ಟೆಯ ಹಳದಿ, ಮೀನು, ಲಿವರ್‌ಗಳಲ್ಲಿ ಅದು ಸಿಗುತ್ತದೆ. ಇನ್ನು ‘ಸಿ’ ಜೀವಸತ್ವದ ಕಥೆ ತಿರುವುಮುರುವು. ನಾವು ನೆಲ್ಲಿಕಾಯಿ, ನಿಂಬೆ ತಿನ್ನಬೇಕು. ಆರೋಗ್ಯವಂತ ನಾಯಿ ಅದನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ.

ಬರೀ ಅನ್ನ ಸಾಲದು ಎಂದು ಕೆಲವರು ಬರೀ ಮಾಂಸ ಹಾಕುತ್ತಾರೆ. ಅದೂ ತಪ್ಪು. ಬೆಳೆಯುವ ಮರಿಯ ಆಹಾರದಲ್ಲಿ ರಂಜಕ 1 ಪಾಲಿದ್ದರೆ ಕ್ಯಾಲ್ಸಿಯಂ 1ರಿಂದ 1.5 ಪಾಲು ಇರಬೇಕು. ಮೂಳೆಯಿಲ್ಲದ ಮಾಂಸದಲ್ಲಾದರೋ ಕ್ಯಾಲ್ಸಿಯಂಗಿಂತ ರಂಜಕವೇ ಹತ್ತು ಪಟ್ಟಿಗೂ ಹೆಚ್ಚು. ಆಗ ದೇಹ ಕೊರತೆ ತುಂಬಿಕೊಳ್ಳಲು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೂಳೆ ತೆಳುವಾಗಿ, ಸೋಫಾದಿಂದ ಹಾರಿದರೂ ಮುರಿಯಬಹುದು.

ಹಾಗೆಂದು ಕ್ಯಾಲ್ಸಿಯಂ ಟಾನಿಕ್ ಸುರಿಯುವುದೂ ಅಪಾಯ. ಹೆಚ್ಚಾದುದನ್ನು ಬೇಡವೆನ್ನುವ ಸಾಮರ್ಥ್ಯ ಎಳೆಯ ಮರಿಯ ಕರುಳಿಗೆ ಇರುವುದಿಲ್ಲ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿಗಳಲ್ಲಿ ಇದರಿಂದಲೇ ಮೂಳೆ, ಕೀಲುಗಳು ವಿಕಾರವಾಗಿ ಕುಂಟು ಬರಬಹುದು. ದಿನವೂ ಲಿವರನ್ನೇ ಹಾಕಿದರೆ ‘ಎ’ ಜೀವಸತ್ವ ಅತಿಯಾಗಿ ಮೂಳೆಗೆ ಕೇಡು. ಮನೆಯವರಿಗೆಂದು ತಂದ ‘ಡಿ’ ಜೀವಸತ್ವದ ಮಾತ್ರೆಗಳನ್ನು ನಾಯಿ ನುಂಗಿದರೆ ಮೂತ್ರಪಿಂಡ ಕೆಡಬಹುದು, ಜೀವಕ್ಕೇ ಸಂಚಕಾರ ಬರಬಹುದು. ಕಬ್ಬಿಣದ ಮಾತ್ರೆಯೂ ವಿಷವೇ. ಮಕ್ಕಳು ಇಂಥ ಡಬ್ಬಿಗಳನ್ನು ಮೇಜಿನ ಮೇಲೆ ಬಿಡಬಾರದು. ನಾಯಿ ನುಂಗಿದ್ದು ಗೊತ್ತಾದರೆ ಡಬ್ಬಿಯ ಸಮೇತ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮರಿಗಳಿಗೆಂದೇ ತಯಾರಾದ, ಸಂಪೂರ್ಣ ಆಹಾರವೆಂದು ನಮೂದಿಸಿದ ಒಳ್ಳೆಯ ಸಿದ್ಧ ಆಹಾರ ಕೊಡುವವರಿಗೆ ಸಾಮಾನ್ಯವಾಗಿ ಬೇರೆ ಟಾನಿಕ್ ಬೇಕಿಲ್ಲ. ಮನೆಯಡುಗೆಯನ್ನೇ ಹಾಕುವವರು, ಅದರಲ್ಲೂ ಸಸ್ಯಾಹಾರಿಗಳು, ಮರಿಯ ತೂಕ ಮತ್ತು ಒಂದು ವಾರದ ಊಟದ ಪಟ್ಟಿ ಬರೆದುಕೊಂಡು ಪಶುವೈದ್ಯರಿಗೆ ತೋರಿಸಲಿ. ಪಟ್ಟಿ ಬರೆಯುವ ಕೆಲಸ ಮಕ್ಕಳದ್ದಾಗಲಿ. ಸೊಟ್ಟಗಾದ ಕಾಲನ್ನು ನೆಟ್ಟಗೆ ಮಾಡುವುದಕ್ಕಿಂತ, ಸೊಟ್ಟಗಾಗದಂತೆ ನೋಡಿಕೊಳ್ಳುವುದು ಸುಲಭ.