ಲಿವರ್ ಅಲುಗಾಡಿದರೆ ರಬ್ಬರ್ ಕಟ್ಟಬೇಡಿ



ಕಳೆದ ದೀಪಾವಳಿಯ ಊಟದ ಸಾಲಿನಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು, "ಏನು ಡಾಕ್ಟ್ರೇ, ನಿಮ್ಮ ಲಿವರ್ ಸರಿಹೋಯಿತೇ?" ಎಂದು ಗಟ್ಟಿಯಾಗಿ ಕೇಳಿದರು. ಸುತ್ತಲಿದ್ದವರೆಲ್ಲ ಮೊದಲು ನನ್ನ ಹೊಟ್ಟೆಯನ್ನೂ ಆಮೇಲೆ ಕೈಯಲ್ಲಿದ್ದ ಲೋಟವನ್ನೂ ನೋಡಿದರು! ಅವರು ಕೇಳಿದ್ದು ನನ್ನ ಹಳೆಯ ವಿಲ್ಲಿಸ್ ಜೀಪಿನ ಟ್ರಾನ್ಸ್‌ಫರ್ ಕೇಸ್ ಲಿವರ್ ಬಗ್ಗೆ. ವಿಷಯ ತಿಳಿದದ್ದೇ ತಡ, ಸಲಹೆಗಳ ಸುರಿಮಳೆ. "ರಬ್ಬರ್ ಕಟ್ಟಿಬಿಡಿ, ಸದ್ದು ನಿಲ್ಲುತ್ತದೆ." "ಇಡೀ ಪೆಟ್ಟಿಗೆಯನ್ನೇ ಬದಲಾಯಿಸಿ." "ಆ ಲಟಾರಿಯನ್ನು ಮಾರಿ ಹೊಸದು ತಗೊಳ್ಳಿ, ನಿಮಗೇನು ಕಡಿಮೆ?"

ಮೂರೂ ತಪ್ಪು ಸಲಹೆಗಳು. ಮೊದಲನೆಯದಂತೂ ಅಪಾಯಕಾರಿ. ಅದನ್ನು ಹೇಳಲೆಂದೇ ಈ ಲೇಖನ.

ನನ್ನದು ಸಿಜೆ-3ಬಿ ಜೀಪು. ಇಲ್ಲೇ ನಮ್ಮ ಓಹಾಯೋದ ಟೊಲೀಡೊದಲ್ಲಿ 1953ರಿಂದ 1968ರವರೆಗೆ ತಯಾರಾದ ಗಾಡಿ. ಊರಿನಲ್ಲಿ ವಿಲ್ಲಿಸ್ ಜೀಪು ಜೋಡಿಸುತ್ತಿದ್ದ ಮಹೀಂದ್ರಾದವರು ಇದೇ ಮಾದರಿಯನ್ನು ಆಮೇಲೂ ಬಹಳ ವರ್ಷ ತಯಾರಿಸಿದರು. ಮಲೆನಾಡಿನ ಕಾಫಿ ತೋಟದ ಕೆಸರು ದಾರಿಯಲ್ಲಿ ಜೀಪು ಹತ್ತಿದವರಿಗೆ ಗೇರ್ ಕಡ್ಡಿಯ ಪಕ್ಕದ ಆ ಎರಡು ಮೋಟು ಲಿವರ್‌ಗಳು ನೆನಪಿರಬಹುದು. ಎಡಗಡೆಯದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಬಲಗಡೆಯದು ಹೈ ಮತ್ತು ಲೋ; ಎರಡರ ನಡುವೆ ನ್ಯೂಟ್ರಲ್. ಈ ನ್ಯೂಟ್ರಲ್ ಅನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ಕೊಂಡಾಗಲೇ ಈ ಲಿವರ್‌ಗಳು ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ಮೂವತ್ತು ವರ್ಷದಿಂದ ರೋಗಿಗಳಿಗೆ "ನೋವಿನ ಮಾತ್ರೆ ನುಂಗಿ ರೋಗ ಮುಚ್ಚಿಡಬೇಡಿ" ಎಂದು ಬುದ್ಧಿ ಹೇಳುವ ನಾನು ಏನು ಮಾಡಿದೆ ಗೊತ್ತೇ? ಹಳೆಯ ಸ್ಟೆತಸ್ಕೋಪಿನ ರಬ್ಬರ್ ಕೊಳವೆಯಿಂದ ಎರಡನ್ನೂ ಬಿಗಿದು ಕಟ್ಟಿದೆ. ಸದ್ದು ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ಸಂಜೆ ಮನೆಯ ಮುಂದಿನ ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ಗೇರಿನಲ್ಲಿಟ್ಟು ಇಳಿದೆ. ರಬ್ಬರಿನ ಸೆಳೆತಕ್ಕೆ ಬಲಗಡೆಯ ಲಿವರ್ ಆಗಲೇ ನ್ಯೂಟ್ರಲ್‌ಗೆ ಜಾರಿತ್ತು. ಹಾಗಾದಾಗ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ; ಗೇರಿನಲ್ಲಿಟ್ಟರೂ ಒಂದೇ, ಬಿಟ್ಟರೂ ಒಂದೇ. ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಗಳಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದ ಡ್ರಮ್ಮಿನಲ್ಲಿದೆ. ಸೀಲಿನಿಂದ ಒಸರಿದ ಎಣ್ಣೆ ಕುಡಿದು ಅದೂ ಹಿಡಿಯದಾಗಿತ್ತು. ಜೀಪು ಹಿಂದಕ್ಕೆ ಉರುಳಿ ಎದುರು ಮನೆಯವರ ಅಂಚೆ ಡಬ್ಬ ಮುರಿದು ನಿಂತಿತು. ಅರೆ ನಿಮಿಷ ಮೊದಲು ನನ್ನ ಮಗಳು ಅದೇ ಜಾಗದಲ್ಲಿ ಸೈಕಲ್ ತಳ್ಳಿಕೊಂಡು ದಾಟಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸದ್ದು ರೋಗವಲ್ಲ, ಲಕ್ಷಣ. ರಬ್ಬರ್ ಕಟ್ಟುವುದೆಂದರೆ ಅಳುವ ಮಗುವಿನ ಬಾಯಿ ಮುಚ್ಚಿದಂತೆ. ಮೊದಲು ರೋಗಿಯನ್ನು ಮುಟ್ಟಿ ನೋಡಬೇಕು. ಲಿವರ್ ಅಕ್ಕಪಕ್ಕ ಓಲಾಡುತ್ತದೆ, ಆದರೆ ಸ್ಥಾನಕ್ಕೆ ಬಂದಾಗ "ಟಕ್" ಎಂದು ಕೂರುತ್ತದೆ ಎಂದಾದರೆ ದೋಷ ಹೊರಗಿದೆ. ಎರಡೂ ಲಿವರ್‌ಗಳು ಒಂದೇ ಅಡ್ಡ ಪಿನ್ನಿನ ಮೇಲೆ ನಿಂತಿವೆ. ವರ್ಷಗಟ್ಟಲೆ ಗ್ರೀಸು ಕಾಣದ ಪಿನ್ನು ಸವೆಯುತ್ತದೆ, ಲಿವರಿನ ದುಂಡನೆಯ ತೂತು ಮೊಟ್ಟೆಯಾಕಾರ ತಾಳುತ್ತದೆ, ಸದ್ದು ತಡೆಯುವ ಪುಟ್ಟ ಸ್ಪ್ರಿಂಗು ಮುರಿದು ಬಿದ್ದಿರುತ್ತದೆ. "ಟಕ್" ಎಂಬುದೇ ಇಲ್ಲದಿದ್ದರೆ ದೋಷ ಒಳಗಿದೆ: ಶಿಫ್ಟ್ ರೈಲನ್ನು ಹಿಡಿದಿಡುವ ಉಕ್ಕಿನ ಗುಂಡಿನ ಹಿಂದಿನ ಸ್ಪ್ರಿಂಗು ಸೋತಿದೆ. ಎರಡು ಲಿವರ್‌ಗಳ ಜೊತೆ ಗೇರ್ ಕಡ್ಡಿಯೂ ನಡುಗುತ್ತಿದ್ದರೆ ಗೇರ್‌ಬಾಕ್ಸಿನ ಕೆಳಗಿನ ರಬ್ಬರ್ ಮೌಂಟ್ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದಲ್ಲ!

ನನ್ನ ಜೀಪಿನಲ್ಲಿ ದೋಷ ಒಳಗೂ ಇತ್ತು, ಹೊರಗೂ ಇತ್ತು. ಹೊಸ ಪಿನ್ನು ತರಿಸಿದೆ. ತೂತುಗಳನ್ನು ಲೇತಿನವನ ಹತ್ತಿರ ದುಂಡಗೆ ಕೊರೆಸಿ, ಕಂಚಿನ ಬುಷ್ ಕೂರಿಸಿದೆ. ಸ್ಪ್ರಿಂಗುಗಳನ್ನೆಲ್ಲ ಬದಲಿಸಿ ಗ್ರೀಸು ತುಂಬಿದೆ; ಹ್ಯಾಂಡ್‌ಬ್ರೇಕಿನ ಲೈನಿಂಗ್ ಮತ್ತು ಸೀಲನ್ನೂ ಹೊಸದು ಮಾಡಿದೆ. ರೈಲು ಬಿಚ್ಚುವವರಿಗೆ ಒಂದು ಎಚ್ಚರಿಕೆ: ಎರಡು ರೈಲುಗಳ ನಡುವೆ ಉಕ್ಕಿನ ಸಣ್ಣ ಗುಳಿಗೆಯೊಂದಿದೆ. ಮುಂದಿನ ಚಕ್ರಗಳು ಸೇರದೆ ಲೋ ಬೀಳದಂತೆ ಕಾಯುವುದು ಅದೇ. ಬಿದ್ದರೆ ಹುಡುಕಿ ಮತ್ತೆ ಹಾಕಿ. "ಒಂದು ಮಿಕ್ಕಿತು, ಪರವಾಗಿಲ್ಲ" ಎಂದು ಜೇಬಿಗಿಳಿಸುವ ಶಸ್ತ್ರಚಿಕಿತ್ಸಕ ನೀವಾಗಬೇಡಿ.

ಇನ್ನೊಂದು ಮಾತು. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರ ಸೇರಿಸಿ ಓಡಿಸಿದರೆ, ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ತಿರುಚಿ ಲಿವರ್ ಬಿಗಿದುಕೊಳ್ಳುತ್ತದೆ. ಆಗ ಎರಡೂ ಕೈಯಿಂದ ಜಗ್ಗುವವರೇ ಹೆಚ್ಚು. ಸ್ವಲ್ಪ ರಿವರ್ಸ್ ತೆಗೆದುಕೊಳ್ಳಿ, ತಾನಾಗಿ ಸಡಿಲವಾಗುತ್ತದೆ.

ಪೆಟ್ಟಿಗೆ ಬದಲಾಯಿಸಿ ಎಂದವರಿಗೆ: ಹಲ್ಲು ನೋವೆಂದರೆ ದವಡೆ ಕೀಳುತ್ತೀರಾ? ಒಳಗಿನ ಗೇರುಗಳೆಲ್ಲ ಚೆನ್ನಾಗಿವೆ. ಮಾರಿಬಿಡಿ ಎಂದವರಿಗೆ ನನ್ನ ಉತ್ತರ ಸ್ವಲ್ಪ ಖಾರ. ನಮ್ಮಲ್ಲಿ ಬಹುಪಾಲು ಮಂದಿ ಡಾಕ್ಟರು, ಇಂಜಿನಿಯರು. "ಕೈ ಕೊಳೆ ಮಾಡಿಕೊಳ್ಳಬೇಡ, ಓದು" ಎಂದು ಹೇಳಿಸಿಕೊಂಡೇ ಬೆಳೆದವರು. ಅದನ್ನೇ ಮಕ್ಕಳಿಗೂ ದಾಟಿಸುತ್ತಿದ್ದೇವೆ. ಹಾಳಾದದ್ದನ್ನು ಎಸೆಯುವುದೇ ಅಂತಸ್ತು ಎಂದು ಅವರು ನಮ್ಮಿಂದಲೇ ಕಲಿಯುತ್ತಾರೆ. ಈ ರಿಪೇರಿಗೆ ನಮಗೆ ಹಿಡಿದದ್ದು ಎರಡು ಶನಿವಾರ. ಸ್ಪ್ಯಾನರ್ ಹಿಡಿದದ್ದು ಹೆಚ್ಚಾಗಿ ನನ್ನ ಮಗಳೇ. ರಬ್ಬರ್ ಕೊಳವೆ ಬಿಚ್ಚುವಾಗ ಅವಳು ಕೇಳಿದಳು: "ಅಪ್ಪಾ, ಇದು ತಪ್ಪು ಅಂತ ನಿನಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು. ಅದೇ ನಾಚಿಕೆ.

ಸದ್ದು ಬಂದಾಗ ಬಾಯಿ ಕಟ್ಟಬೇಡಿ. ನೆಲಕ್ಕೆ ಬಗ್ಗಿ, ಟಾರ್ಚು ಹಾಕಿ ನೋಡಿ. ನನ್ನ ಲಿವರ್ ಈಗ ಚೆನ್ನಾಗಿದೆ, ಎರಡೂ!