ನಿಧಿಯೂ ಅಲ್ಲ, ಬೇಟೆಯೂ ಅಲ್ಲ ಸ್ವಾಮೀ!

ಬ್ಲಾಗಿಗೆ ಬರೆಯದೆ ಎರಡು ತಿಂಗಳಾಯ್ತು. ರಿಲೀಸು, ಆಮೇಲೆ ಊರಿಗೆ ಹೋಗಿ ಬಂದ ಸುಸ್ತು, ಆಮೇಲೆ ಬರೀ ಸೋಮಾರಿತನ... ಇದೆಲ್ಲ ನೆಪ ಅಂತ ನಿಮಗೂ ಗೊತ್ತು, ನನಗೂ ಗೊತ್ತು :-) ಇವತ್ತು ಮಾತ್ರ ಸ್ವಲ್ಪ ಸಿಟ್ಟಿನಲ್ಲೇ ಕೂತಿದ್ದೇನೆ. ಸಿಟ್ಟು ಮನುಷ್ಯರ ಮೇಲಲ್ಲ, ಒಂದು ಮಾತಿನ ಮೇಲೆ. ಆ ಮಾತು "ಟ್ರೆಷರ್ ಹಂಟ್".

ಜಿಯೋಕ್ಯಾಶಿಂಗ್ ಅಂತ ಒಂದು ಹವ್ಯಾಸ ಇದೆ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಯಾರೋ ಒಬ್ಬರು ನೀರು ನುಗ್ಗದ ಒಂದು ಡಬ್ಬಿಯನ್ನು ಹೊರಗೆಲ್ಲೋ ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ಹೇಳುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾ ಹೋಗಿ, ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ತಮ್ಮ ಹೆಸರು, ತಾರೀಖು ಬರೆದು, ಇದ್ದ ಜಾಗದಲ್ಲೇ ಇದ್ದ ಹಾಗೇ ಇಟ್ಟು ಬರುತ್ತಾರೆ. ಅಷ್ಟೇ. ಆದರೆ ಇದನ್ನು ಆಡುವ ಯಾರನ್ನೇ ಕೇಳಿ, ಮೊದಲ ವಾಕ್ಯ ಒಂದೇ: "ಅದೊಂಥರಾ ಟ್ರೆಷರ್ ಹಂಟ್." ಸಿಯಾಟಲ್‌ನಲ್ಲಿರೋ ಮೂಲ ಕಂಪನಿಯೂ ಹೊಸಬರನ್ನು "ಜಗತ್ತಿನ ಅತಿ ದೊಡ್ಡ ಟ್ರೆಷರ್ ಹಂಟ್" ಅಂತಲೇ ಕರೆದು ಒಳಗೆ ಬಿಟ್ಟುಕೊಳ್ಳುತ್ತೆ. ನಮ್ಮವರು ಅದನ್ನೇ ಕನ್ನಡಕ್ಕೆ ತಂದು "ಮಾಡರ್ನ್ ನಿಧಿ ಬೇಟೆ" ಅಂತಾರೆ. ನಾನೂ ಹಾಗೇ ಹೇಳಿದವನೇ. ಹೇಳಿ ಪೆಟ್ಟು ತಿಂದವನು. ಅದಕ್ಕೇ ಈ ಬರಹ.

ಮೊದಲು ನನಗೆ ಇದು ಅಂಟಿಕೊಂಡ ಕಥೆ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಕಂಪನಿ ನನ್ನನ್ನು ಆರೆಗಾನ್‌ಗೆ ಕಳಿಸಿತ್ತು, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋಗೆ. ಟೀಮಿನಲ್ಲಿ ಶಿವಮೊಗ್ಗ ಕಡೆಯ ಹಿರಿಯರೊಬ್ಬರು ಇದ್ದರು, ಇಪ್ಪತ್ತು ವರ್ಷದಿಂದ ಅಲ್ಲೇ ಇರುವವರು. ಒಂದು ಮಧ್ಯಾಹ್ನ "ಬಾ ಮಾರಾಯ, ಊಟಕ್ಕೆ ಮುಂಚೆ ಒಂದು ಟ್ರೆಷರ್ ತೋರಿಸ್ತೀನಿ" ಅಂತ ಕಾರು ಹತ್ತಿಸಿಕೊಂಡರು. ಕಾರು ನಿಂತಿದ್ದು ಒಂದು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ. ದೀಪದ ಕಂಬದ ಬುಡದಲ್ಲಿ ತಗಡಿನ ಒಂದು ಮುಚ್ಚಳ ಇರುತ್ತಲ್ಲ, ಅದನ್ನು ಕಿರ್ರ್ ಅಂತ ಎತ್ತಿದರು. ಒಳಗೊಂದು ಹಳೇ ಕ್ಯಾಮೆರಾ ರೀಲಿನ ಡಬ್ಬಿ. ಅದರೊಳಗೆ ಸುರುಳಿ ಸುತ್ತಿದ ಕಾಗದ.

"ಸಹಿ ಹಾಕು."

"ಹಾಕಿದೆ ಸರ್. ಆಮೇಲೆ?"

"ಆಮೇಲೆ ಏನಿಲ್ಲ. ಬಾ, ಊಟ ಮಾಡೋಣ."

ನಿಜ ಹೇಳ್ತೀನಿ, ನನಗೆ ಮೋಸ ಹೋದ ಹಾಗಾಯ್ತು. ಟ್ರೆಷರ್ ಅಂದರಲ್ಲ? ಆ ಮಾತು ಕೇಳದೇ ಹೋಗಿದ್ದರೆ ಇಷ್ಟು ಬೇಜಾರು ಆಗ್ತಿರಲಿಲ್ಲ. ಮೊದಲ ದಿನವೇ ಬಿಟ್ಟುಬಿಡುವವರು ಎಷ್ಟೋ ಜನ ಇರಬೇಕು, ನಾನೂ ಅವರಲ್ಲಿ ಒಬ್ಬನಾಗ್ತಿದ್ದೆ. ಉಳಿಸಿದ್ದು ಮುಂದಿನ ಶನಿವಾರ. ಅದೇ ಮನುಷ್ಯರು ಒಂದು ಕಾಡಿನ ದಾರಿಗೆ ಕರ್ಕೊಂಡು ಹೋದರು. ಬಿದ್ದ ಮರದ ಬೊಡ್ಡೆಯ ಕೆಳಗೆ, ಪಾಚಿಯ ಹಿಂದೆ ಸೈನ್ಯದವರು ಮದ್ದುಗುಂಡು ಇಡುವಂಥ ಒಂದು ಕಬ್ಬಿಣದ ಪೆಟ್ಟಿಗೆ. ಒಳಗಿನ ಪುಸ್ತಕ ಒದ್ದೆಯಾಗಿ ಒಣಗಿ ಉಬ್ಬಿತ್ತು. ಅದರಲ್ಲಿ ಒಂದೇ ಕುಟುಂಬ ಮೂರು ಸಲ ಬಂದು ಬರೆದಿತ್ತು. ಮೊದಲ ಸಲ ಅಪ್ಪ ಅಮ್ಮ ಇಬ್ಬರೇ. ಎರಡನೇ ಸಲ ಮಗುವಿನ ಹೆಸರು, ಅಮ್ಮನ ಅಕ್ಷರದಲ್ಲಿ. ಮೂರನೇ ಸಲ ಅದೇ ಹೆಸರು, ಸೊಟ್ಟ ಸೊಟ್ಟ, ಮಗುವಿನದೇ ಅಕ್ಷರ. ನಾನು ಆ ಪುಟವನ್ನು ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ, ಸರ್ "ಮಳೆ ಬರ್ತದೆ, ಮುಚ್ಚು" ಅಂದಾಗಲೇ ಎಚ್ಚರ ಆಗಿದ್ದು.

ಅಲ್ಲಿ ಟ್ರೆಷರ್ ಎಲ್ಲಿತ್ತು ಹೇಳಿ? ಇದ್ದಿದ್ದು ಒಂದು ಹಾಜರಿ ಪುಸ್ತಕ!

ಇನ್ನು ಈ ಆಟ ಹುಟ್ಟಿದ್ದೂ ಅದೇ ಆರೆಗಾನ್‌ನಲ್ಲಿ. ಅಮೆರಿಕದ ಸೈನ್ಯ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕಂತಲೇ ಕೆಡಿಸಿ ಕೊಡುತ್ತಿತ್ತು, ನೂರು ಮೀಟರಿನಷ್ಟು ಆಚೀಚೆ ಆಗೋದು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ಒಂದೇ ದಿನದಲ್ಲಿ ನಿಖರತೆ ಸುಮಾರು ಹತ್ತು ಪಟ್ಟು ಹೆಚ್ಚಿತು. ಮರುದಿನವೇ, ಮೇ 3ಕ್ಕೆ, ಡೇವ್ ಅಲ್ಮರ್ ಅನ್ನುವವರು ಬೀವರ್‌ಕ್ರೀಕ್ ಹತ್ತಿರದ ಕಾಡಂಚಿನಲ್ಲಿ ಕಪ್ಪು ಬಕೆಟ್ ಒಂದನ್ನು ಇಟ್ಟು, ಅದರ ನಿರ್ದೇಶಾಂಕಗಳನ್ನು ಯೂಸ್‌ನೆಟ್‌ನ ಜಿಪಿಎಸ್ ಗುಂಪಿಗೆ ಬರೆದರು. ಒಳಗೆ ಸಾಫ್ಟ್‌ವೇರ್, ವಿಡಿಯೋ, ಪುಸ್ತಕ, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬ ಬೀನ್ಸು. ಏನಾದರೂ ತಗೊಳ್ಳಿ, ಏನಾದರೂ ಇಡಿ, ಅನ್ನೋದೇ ನಿಯಮ. ಮೂರು ದಿನದೊಳಗೆ ಇಬ್ಬರು ಹುಡುಕಿದರು. (ಆ ಬೀನ್ಸ್ ಡಬ್ಬ ಮುಂದೆ ಸಿಕ್ಕಿ, ಈಗ ಉತ್ಸವಮೂರ್ತಿಯ ಥರ ಸಮಾವೇಶದಿಂದ ಸಮಾವೇಶಕ್ಕೆ ಹೋಗುತ್ತೆ. ನಗಬೇಡಿ, ನಿಜ.) ಬಕೆಟ್ ಇದ್ದ ಜಾಗದಲ್ಲಿ 2003ರಲ್ಲಿ ಒಂದು ಸ್ಮಾರಕ ಫಲಕ ಹಾಕಿದ್ದಾರೆ.

ನನಗೆ ಈ ಇತಿಹಾಸದಲ್ಲಿ ಮುಖ್ಯ ಅನ್ನಿಸಿದ್ದು ಬಕೆಟ್ ಅಲ್ಲ. ಮೊದಲು ಈ ಆಟಕ್ಕೆ ಅವರು ಇಟ್ಟ ಹೆಸರು "ಜಿಪಿಎಸ್ ಸ್ಟ್ಯಾಶ್ ಹಂಟ್". ಸ್ಟ್ಯಾಶ್ ಅಂದರೆ ಬಚ್ಚಿಟ್ಟ ಮಾಲು. ಆ ಮಾತಿಗೆ ಅಲ್ಲಿ ಗಾಂಜಾ ಅಫೀಮಿನ ವಾಸನೆ ಇದೆ. ಕೇಳಿದವರು ಏನಂದುಕೊಂಡಾರು ಅಂತ ಗುಂಪಿನಲ್ಲೇ ತಕರಾರು ಬಂತು. ಮೇ 30ರಂದು ಮ್ಯಾಟ್ ಸ್ಟಮ್ ಅನ್ನುವವರು "ಜಿಯೋಕ್ಯಾಶಿಂಗ್" ಅನ್ನೋ ಪದ ಸೂಚಿಸಿದರು, ಎಲ್ಲರೂ ಒಪ್ಪಿಕೊಂಡರು. ಕ್ಯಾಶ್ ಅಂದರೆ ಕಾಡಿನಲ್ಲಿ ಅಲೆಯುವವರು ಮುಂದಿನ ಸಲಕ್ಕೆ ಬೇಕಾಗುತ್ತೆ ಅಂತ ಅಡಗಿಸಿಡುತ್ತಿದ್ದ ಆಹಾರ, ಸಾಮಾನು. ನಮ್ಮ ಕಂಪ್ಯೂಟರಿನ ಕ್ಯಾಶ್ ಮೆಮೊರಿಯೂ ಅದೇ ಪದ, ಇಂಜಿನಿಯರಿಂಗ್‌ನಲ್ಲಿ ಓದಿ ಮರೆತಿದ್ದೀವಲ್ಲ, ಅದೇ. ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಜೆರೆಮಿ ಐರಿಶ್ ಅವರ ಜಾಲತಾಣ ಶುರುವಾದಾಗ ಇಡೀ ಲೋಕಕ್ಕೆ ಇದ್ದದ್ದು 75 ಡಬ್ಬಿ. ಈಗ ಮೂವತ್ತು ಲಕ್ಷ ದಾಟಿದೆ.

ಅಂದರೆ ನೋಡಿ, ಅವರು ತಮ್ಮ ನೆಲದಲ್ಲಿ ಒಂದು ಮಾತು ಹೇಗೆ ಕೇಳಿಸುತ್ತೆ ಅಂತ ಯೋಚಿಸಿ 27 ದಿನದೊಳಗೆ ಹೊಸ ಹೆಸರು ಹುಡುಕಿಕೊಂಡರು. ನಾವು ಇಪ್ಪತ್ತೈದು ವರ್ಷ ಕಳೆದರೂ ನಮ್ಮ ನೆಲದಲ್ಲಿ "ನಿಧಿ" ಅನ್ನೋ ಪದ ಹೇಗೆ ಕೇಳಿಸುತ್ತೆ ಅಂತ ಒಂದು ಕ್ಷಣ ಯೋಚಿಸಿಲ್ಲ.

ನಾನು ಯೋಚಿಸಿದ್ದು ಹೋದ ಬೇಸಿಗೆಯಲ್ಲಿ. ಯೋಚಿಸುವ ಹಾಗೆ ಮಾಡಿದರು ಅನ್ನಿ.

ರಜಕ್ಕೆ ಬಂದಾಗ ತಿಪಟೂರು ಕಡೆ ಅಕ್ಕನ ಊರಿಗೆ ಹೋಗಿದ್ದೆ. ಮಕ್ಕಳಿಗೆ ರಜ, ಇಡೀ ದಿನ ಟೀವಿ. ಇವರಿಗೆ ಈ ಆಟ ಕಲಿಸೋಣ ಅಂತ ಹುಮ್ಮಸ್ಸು ಬಂತು. ರಜದಲ್ಲಿ ಹೋದವರು ಇಟ್ಟು ಓಡಿಬರುವ ಡಬ್ಬಿಗಳನ್ನು ಜಾಲತಾಣದಲ್ಲಿ ಸೇರಿಸಲ್ಲ, ನೋಡಿಕೊಳ್ಳೋರು ಹತ್ತಿರ ಇರಬೇಕು ಅನ್ನೋದು ಅವರ ನಿಯಮ, ಒಳ್ಳೇ ನಿಯಮ. ಅದಕ್ಕೇ ಮನೆಮಟ್ಟಿಗೆ ಒಂದು ಆಟ ಅಂದುಕೊಂಡೆ. ಹಿಂದಿನ ಸಂಜೆ ಒಬ್ಬನೇ ಹೋಗಿ ಗುಡ್ಡದ ಮೇಲಿನ ಹಾಳು ಮಂಟಪದ ಹಿಂದೆ, ಕಲ್ಲಿನ ಸಂದಿಯಲ್ಲಿ ಸ್ಟೀಲಿನ ತಿಂಡಿ ಡಬ್ಬಿ ಇಟ್ಟು ಬಂದೆ. ಹೌದು, ಯಾರನ್ನೂ ಕೇಳದೆ. ಹೌದು, ಯಾರ ಕಣ್ಣಿಗೂ ಬೀಳದ ಹಾಗೆ, ಕತ್ತಲಾಗುವ ಹೊತ್ತಿಗೆ. ಆರೆಗಾನ್‌ನಲ್ಲಿ ನನಗೆ ಕಲಿಸಿದ್ದೇ ಹಾಗೆ. ಆಡದೇ ಇರೋರನ್ನು ಹ್ಯಾರಿ ಪಾಟರ್ ಕಥೆಯಿಂದ ಎರವಲು ತಂದು "ಮಗಲ್" ಅಂತ ಕರೀತಾರೆ. ಮಗಲ್‌ಗಳು ನೋಡಬಾರದು, ನೋಡಿದರೆ ಶೂ ಲೇಸ್ ಕಟ್ಟುವ ಹಾಗೆ ನಟಿಸಬೇಕು, ಇತ್ಯಾದಿ.

ಬೆಳಿಗ್ಗೆ ಅಕ್ಕನ ಮಗಳು, ಅವಳ ತಮ್ಮ, ಪಕ್ಕದ ಮನೆಯ ಇಬ್ಬರು, ಎಲ್ಲರನ್ನೂ ಕಟ್ಟಿಕೊಂಡು ಹೊರಟೆ. ಫೋನ್ ಅವಳ ಕೈಯಲ್ಲಿ. "ನಲವತ್ತು ಮೀಟರ್ ಮಾಮ! ಮೂವತ್ತು!" ಅಂತ ಕೂಗುತ್ತಾ ಓಡುತ್ತಿದ್ದಳು. ಮಂಟಪದ ಹತ್ತಿರ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜ ಎದ್ದು ಬಂದರು.

"ಯಾರ ಮನೇರಪ್ಪಾ ನೀವು? ಏನ್ ಹುಡುಕ್ತಿದ್ದೀರ ಇಲ್ಲಿ?"

ನಾನು ಬಾಯಿ ತೆರೆಯೋ ಮೊದಲೇ ಹುಡುಗಿ ಹೇಳಿಬಿಟ್ಟಳು. "ನಿಧಿ ತಾತ! ಎಲ್ಲಿದೆ ಅಂತ ಮಾಮನ ಮೊಬೈಲಲ್ಲಿ ತೋರಿಸುತ್ತೆ!"

ಹತ್ತು ನಿಮಿಷದಲ್ಲಿ ಎಂಟು ಜನ. ಇನ್ನೈದು ನಿಮಿಷಕ್ಕೆ ಇನ್ನಷ್ಟು. ನಿನ್ನೆ ಸಂಜೆ ನಾನು ಒಬ್ಬನೇ ಗುಡ್ಡ ಹತ್ತಿದ್ದನ್ನು ನೋಡಿದವರೂ ಇದ್ದರು! (ಎಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡಿದ್ದೆ ನೋಡಿ.) ಆಗ ಗೊತ್ತಾಯ್ತು, ಹಿಂದಿನ ವರ್ಷ ಒಂದು ಅಮಾವಾಸ್ಯೆ ರಾತ್ರಿ ಯಾರೋ ಬಂದು, ಆ ಮಂಟಪದ ಬಸವಣ್ಣನನ್ನು ಮಗುಚಿ ಹಾಕಿ, ಕೆಳಗೆ ಆಳೆತ್ತರ ಅಗೆದು ಹೋಗಿದ್ದರು ಅಂತ. ನಿಂಬೆಹಣ್ಣು, ಕುಂಕುಮ ಎಲ್ಲ ಬಿದ್ದಿತ್ತಂತೆ. ಊರವರೇ ಸೇರಿ ಬಸವಣ್ಣನನ್ನು ಎತ್ತಿ ಕೂರಿಸಿದ್ದರು. ಒಂದು ಕಿವಿ ಮುರಿದಿದ್ದು ಮುರಿದೇ ಇತ್ತು. ನಾನು ಹಿಂದಿನ ದಿನ ಅದನ್ನು ನೋಡಿಯೂ ನೋಡಿರಲಿಲ್ಲ.

ಭಾವ ಓಡಿ ಬಂದರು. ಎಲ್ಲರೆದುರು ಡಬ್ಬಿ ತೆಗೆಸಿದರು. ಒಂದು ನೋಟ್‌ಬುಕ್, ಎರಡು ಪೆನ್ಸಿಲ್, ಒಂದು ಆಟದ ಬಸ್ಸು, ಕಡ್ಲೆಮಿಠಾಯಿ, ಕಡ್ಲೆಮಿಠಾಯಿ ತುಂಬಾ ಇರುವೆ. ಡಬ್ಬಿಯಲ್ಲಿ ತಿನ್ನುವ ಪದಾರ್ಥ ಇಡಬಾರದು ಅಂತ ನಿಯಮ ಇರೋದು ಸುಮ್ಮನೆ ಅಲ್ಲ. ಮೊದಲು ಹುಡುಕಿದ ಗೌರವ ಇರುವೆಗಳಿಗೇ ಹೋಯ್ತು :-) ಜನ ನಕ್ಕರು. ಅಜ್ಜ ನಗಲಿಲ್ಲ.

"ಆಟ ಆಡ್ಸೋದಾದ್ರೆ ಆಟ ಅನ್ನಪ್ಪ. ನಿಧಿ ಅಂತ ಯಾಕಂತೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಇದು ಒಂದು ಹಳ್ಳಿಯ ಹೆದರಿಕೆ ಅಂತ ತಳ್ಳಿಹಾಕಬೇಡಿ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಯ ಆಸೆಗೆ ಒಡೆದು ಹಾಕಿದ್ದರು, ನೆನಪಿದೆಯಾ? ಭಕ್ತರು ಸೇರಿ ಮತ್ತೆ ಕಟ್ಟಿದರು. ವೀರಗಲ್ಲಿನ ಬುಡ, ಬಸದಿಯ ಗರ್ಭಗುಡಿ, ಹುತ್ತದ ಪಕ್ಕದ ನಾಗರಕಲ್ಲು... ನಮ್ಮಲ್ಲಿ ನಿಧಿ ಹುಡುಕೋದು ಅಂದರೆ ಇವುಗಳನ್ನು ಅಗೆಯೋದು. ಕಾನೂನೂ ಸುಮ್ಮನಿಲ್ಲ. 1878ರ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಅಡಗಿರುವ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ನನ್ನ ಡಬ್ಬಿಯ ಬೆಲೆ ಹತ್ತು ರೂಪಾಯಿಗಿಂತ ಜಾಸ್ತಿಯೇ ಇತ್ತು ಮಾರಾಯ್ರೆ! ತಮಾಷೆ ಬಿಡಿ. ಜಿಯೋಕ್ಯಾಶಿಂಗ್ ನಿಯಮದಲ್ಲಿ ಜಾಗದ ಒಡೆಯರು ಸ್ಪಷ್ಟವಾಗಿ ಒಪ್ಪದ ಹೊರತು ಡಬ್ಬಿಗಾಗಿ ನೆಲ ಅಗೆಯುವ ಹಾಗಿಲ್ಲ. ಜಾಗದ ಒಡೆಯರ ಒಪ್ಪಿಗೆ ಬೇಕೇ ಬೇಕು. ಅಂದರೆ ನಮ್ಮ "ನಿಧಿ"ಗೂ ಇದಕ್ಕೂ ಕೂದಲೆಳೆಯ ಸಂಬಂಧವೂ ಇಲ್ಲ. ಆದರೂ ಪರಿಚಯ ಮಾಡಿಸುವಾಗ ಅದೇ ಪದ.

ಕದ್ದು ಮುಚ್ಚಿ ಆಡುವ ಪಾಠವೂ ಅಷ್ಟೇ ಕೆಟ್ಟದ್ದು. ಅದು ಅವರ ದೇಶದಲ್ಲೇ ಕೈಕೊಟ್ಟಿದೆ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಊರಿನಲ್ಲಿ ಒಬ್ಬ ಆಟಗಾರ ಡಬ್ಬಿಯ ಹತ್ತಿರ ತಡಕಾಡೋದು ನೋಡಿ ಜನ ಪೊಲೀಸರನ್ನು ಕರೆದರು. ಬೀದಿ ಖಾಲಿ ಮಾಡಿಸಿ, ಬಾಂಬ್ ದಳ ಬಂದು ಪಾಪದ ಪ್ಲಾಸ್ಟಿಕ್ ಡಬ್ಬಿಯನ್ನು ಸ್ಫೋಟಿಸಿತು. ಅಲ್ಲೇ ಹೀಗೆ. ಇನ್ನು ನಮ್ಮಲ್ಲಿ ಎರಡು ನಿಮಿಷ ಒಂದು ಮರದ ಕೆಳಗೆ ನಿಂತರೆ "ಯಾರು ಬೇಕಾಗಿತ್ತು?" ಅಂತ ಕೇಳದೆ ಬಿಡ್ತಾರಾ? ಅದನ್ನು ತೊಂದರೆ ಅಂತ ಯಾಕಂದುಕೊಳ್ಳಬೇಕು? ಕೇಳಿದವರಿಗೆ ಹೇಳಿ. ಅವರೇ ಮುಂದಿನ ಆಟಗಾರ. ಈ ಹವ್ಯಾಸಕ್ಕೆ ಬಂದವರನ್ನೆಲ್ಲ ನಾನು ಕೇಳಿದ್ದೀನಿ, ನನಗೆ ಗೊತ್ತಿರೋ ಒಬ್ಬರೂ ಜಾಹೀರಾತು ನೋಡಿ ಬಂದವರಲ್ಲ. ಒಬ್ಬರ ಕೈ ಹಿಡಿದು ಇನ್ನೊಬ್ಬರು ಕರ್ಕೊಂಡು ಹೋದದ್ದು, ಇಲ್ಲವೇ ಎಲ್ಲೋ ಕಾಲಿಗೆ ಡಬ್ಬಿ ತಗುಲಿ ಒಳಗಿನ ಚೀಟಿ ಓದಿದ್ದು. ಹಾಗಿರುವಾಗ ನೋಡುವವರಿಂದ ಅಡಗಿಕೊಂಡರೆ ಹೊಸಬರು ಬರೋದು ಎಲ್ಲಿಂದ?

ಗೆಳೆಯರು ಎರಡು ತಕರಾರು ತೆಗೆದಿದ್ದಾರೆ. ಒಂದು, "ನಮ್ಮ ಜನಕ್ಕೆ ಇದೆಲ್ಲ ಆಗಲ್ಲ ಬಿಡೋ, ಡಬ್ಬಿ ಕದ್ದುಬಿಡ್ತಾರೆ." ಈ ಮಾತು ಕೇಳಿದರೆ ಮೈ ಉರಿಯುತ್ತೆ. ಅಮೆರಿಕದಲ್ಲೂ ಡಬ್ಬಿ ಕಾಣೆಯಾಗುತ್ತೆ, ಅದಕ್ಕೆ ಅವರ ಭಾಷೆಯಲ್ಲಿ "ಮಗಲ್ಡ್" ಅಂತ ಕ್ರಿಯಾಪದವೇ ಇದೆ. ನಮ್ಮವರ ಕೈಯಲ್ಲಿ ಕಾಣೆಯಾದರೆ ಮಾತ್ರ ಅದು ಸಂಸ್ಕೃತಿಯ ದೋಷ ಆಗೋದು ಹೇಗೆ? ಅಷ್ಟಕ್ಕೂ ನಿಧಿ ಅಂತ ಡಂಗುರ ಹೊಡೆದು, ತಗೊಂಡು ಹೋದರೆ ಕಳ್ಳ ಅನ್ನೋದು ಯಾವ ನ್ಯಾಯ?

ಎರಡನೇದು ಸ್ವಲ್ಪ ಗಟ್ಟಿ ತಕರಾರು. "ನಿಧಿ ಅನ್ನದೇ ಇದ್ದಿದ್ದರೆ ಮಕ್ಕಳು ನಿನ್ನ ಹಿಂದೆ ಗುಡ್ಡ ಹತ್ತುತ್ತಿದ್ದರಾ?" ಹತ್ತುತ್ತಿರಲಿಲ್ಲವೇನೋ. ಒಪ್ಪಿದೆ. ಆದರೆ ಆಮೇಲೆ ಏನಾಯ್ತು ಕೇಳಿ. ಆಟದ ಬಸ್ಸನ್ನು ಎರಡನೇ ದಿನಕ್ಕೇ ಮರೆತರು. ಮರೆಯದೇ ಇದ್ದದ್ದು ನೋಟ್‌ಬುಕ್ಕು. ಅಕ್ಕನ ಮಗಳು ಅದರಲ್ಲಿ ತನ್ನ ಹೆಸರು, ತರಗತಿ, ತಾರೀಖು ಬರೆದು, ಕೆಳಗೆ "ಇರುವೆ" ಅಂತಲೂ ಒಂದು ಸಾಲು ಬರೆದಿದ್ದಾಳೆ. ಅವರೂ ಬಂದಿದ್ದರಲ್ಲ ಮಾಮ, ಅಂತೆ!

ನಾನು ವಾಪಸ್ ಬರೋ ಮುಂಚೆ ಭಾವ ಡಬ್ಬಿಯನ್ನು ಗುಡ್ಡದಿಂದ ತಂದು ನಮ್ಮದೇ ತೋಟದ ಪಂಪ್‌ಸೆಟ್ ಮನೆ ಹಿಂದೆ ಇಡಿಸಿದರು. ಅಜ್ಜನಿಗೂ ಜಾಗ ತೋರಿಸಿ ಬಂದೆ. ಒಳಗೆ ಈ ಚೀಟಿ ಅಂಟಿಸಿದ್ದೀನಿ, ಬೇಕಾದವರು ಹಾಗೇ ನಕಲು ಮಾಡಿಕೊಳ್ಳಿ:

"ಇದು ನಿಮ್ಮ ಕೈಗೆ ಸಿಕ್ಕಿತಾ? ಒಳ್ಳೇದಾಯ್ತು. ಇದು ಡಬ್ಬಿ ಕಣ್ಣಾಮುಚ್ಚಾಲೆ ಆಟ. ಇದರಲ್ಲಿ ಬೆಲೆಬಾಳೋದು ಏನೂ ಇಲ್ಲ. ಪುಸ್ತಕದಲ್ಲಿ ನಿಮ್ಮ ಹೆಸರು ಬರೆದು, ಮುಚ್ಚಳ ಭದ್ರವಾಗಿ ಹಾಕಿ, ಇದ್ದಲ್ಲೇ ಇಡಿ. ತೋಟದವರಿಗೆ ಗೊತ್ತಿದೆ, ಹೆದರಬೇಡಿ. ತಿಂಡಿ ಇಡಬೇಡಿ, ಇರುವೆ ಬರುತ್ತೆ."

"ಡಬ್ಬಿ ಕಣ್ಣಾಮುಚ್ಚಾಲೆ" ಅನ್ನೋದು ಸ್ವಲ್ಪ ಉದ್ದವಾಯ್ತು, ಗೊತ್ತು. ಇದಕ್ಕಿಂತ ಒಳ್ಳೇ ಹೆಸರು ಹೊಳೆದರೆ ಕಮೆಂಟಿನಲ್ಲಿ ಹಾಕಿ, ಚೀಟಿ ಬದಲಾಯಿಸೋಕೆ ಭಾವನಿಗೆ ಹೇಳ್ತೀನಿ. ಯಾವ ಪದವಾದರೂ ಸರಿ, ಆ ಎರಡಕ್ಷರ ಒಂದು ಬಿಟ್ಟು.